ಮೊಗೆ ಮತ್ತು ಬೆಂಕಿ: ಶಿವಮೊಗ್ಗ–ಭದ್ರಾವತಿ ಪರಿಸರದ ಮೃತ್ಕಲೆ ಹಾಗೂ ಕೈಗಾರಿಕಾ ಪರಂಪರೆ

ಕರ್ನಾಟಕದ ಸಾಂಸ್ಕೃತಿಕ ಇತಿಹಾಸದಲ್ಲಿ ಶಿವಮೊಗ್ಗ ಜಿಲ್ಲೆಗೆ ವಿಶಿಷ್ಟ ಸ್ಥಾನವಿದೆ. ಮಳವಳ್ಳಿಯ ಸಾತವಾಹನರ ಕಾಲದ ಶಾಸನ, ತಾಳಗುಂದದ ಕದಂಬರ ಸ್ತಂಭಶಾಸನ, ಬಳ್ಳಿಗಾವೆಯ ದೇವಾಲಯ ಮತ್ತು ಮಠಗಳು, ಕೆಳದಿ–ಇಕ್ಕೇರಿಗಳ ನಾಯಕರ ಆಳ್ವಿಕೆ ಇವೆಲ್ಲವೂ ವಿದ್ವಾಂಸರ ಗಮನವನ್ನು ಬಹುಕಾಲದಿಂದ ಸೆಳೆದಿವೆ. ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೆಯ ಸಂಪುಟಗಳಲ್ಲಿ ಈ ಜಿಲ್ಲೆಯ ಶಾಸನಗಳನ್ನು ಕ್ರಮವಾಗಿ 1902 ಮತ್ತು 1904ರಲ್ಲಿ ಪ್ರಕಟಿಸಿದ ಮೇಲೆ ಇಲ್ಲಿನ ರಾಜಕೀಯ ಹಾಗೂ ಧಾರ್ಮಿಕ ಇತಿಹಾಸದ ಅಧ್ಯಯನಕ್ಕೆ ಭದ್ರವಾದ ಬುನಾದಿ ದೊರೆಯಿತು. ಆದರೆ ಶಿಲೆಗೆ ಮತ್ತು ಶಾಸನಕ್ಕೆ ದೊರೆತಷ್ಟು ಗಮನ ಮಣ್ಣಿಗೆ ದೊರೆತಿಲ್ಲ. ದಾನ ಕೊಟ್ಟ ಅರಸನ, ದಾನ ಪಡೆದ ಆಚಾರ್ಯನ ಹೆಸರು ಕಲ್ಲಿನಲ್ಲಿ ಉಳಿದಿದೆ; ಅವರಿಬ್ಬರ ಮನೆಯಲ್ಲೂ ನೀರು ತುಂಬಿದ್ದ ಗಡಿಗೆಯನ್ನು ಮಾಡಿದವನ ಹೆಸರು ಉಳಿದಿಲ್ಲ.

ಈ ಪರಿಸರದ ಇನ್ನೊಂದು ಮುಖವೂ ಇತಿಹಾಸಕಾರರ ದೃಷ್ಟಿಯಿಂದ ಬಹುಮಟ್ಟಿಗೆ ದೂರ ಉಳಿದಿದೆ. ಅದು ಕೈಗಾರಿಕೆಯ ಪರಂಪರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಆರ್ಥಿಕ ಇತಿಹಾಸದ ಅಥವಾ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನಚರಿತ್ರೆಯ ಒಂದು ಅಧ್ಯಾಯವಾಗಿ ಮಾತ್ರ ಕಾಣುವ ರೂಢಿಯಿದೆ. ಮಣ್ಣಿನ ಕಲೆ ಮತ್ತು ಕಬ್ಬಿಣದ ಉದ್ಯಮ ಇವೆರಡಕ್ಕೂ ಆಧಾರವಾದುದು ನೆಲ ಮತ್ತು ಬೆಂಕಿ. ಪ್ರಕೃತಿಯಿಂದಲೂ ಕೈಗಾರಿಕಾ ಅವಶೇಷಗಳಿಂದಲೂ ಪ್ರೇರಣೆ ಪಡೆಯುವ ಮೃತ್ಕಲಾವಿದರು ಇಂದು ಜಗತ್ತಿನ ಹಲವೆಡೆ ಕೆಲಸ ಮಾಡುತ್ತಿದ್ದಾರೆ. ಅಂತಹ ಕಲೆಗೆ ಬೇಕಾದ ಚಾರಿತ್ರಿಕ ಭೂಮಿಕೆಯು ಆಯನೂರು, ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಈ ಕಿರಿದಾದ ಪ್ರದೇಶದಲ್ಲಿ ಹೇಗೆ ರೂಪುಗೊಂಡಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಎರಡು ಊರುಗಳ ಹೆಸರು

ಸ್ಥಳನಾಮಗಳು ಇತಿಹಾಸಕ್ಕೆ ನೇರ ಆಧಾರವಾಗಲಾರವು. ಆದರೂ ಜನಮನಸ್ಸು ಒಂದು ಊರನ್ನು ಹೇಗೆ ಕಂಡಿತೆಂಬುದನ್ನು ಅವು ಸೂಚಿಸುತ್ತವೆ. ಶಿವಮೊಗ್ಗ ಎಂಬ ಹೆಸರಿಗೆ 'ಶಿವಮುಖ' ಎಂಬ ಮೂಲವನ್ನು ಹೇಳುವುದುಂಟು. ಅದರ ಜೊತೆಗೆ 'ಸಿಹಿಮೊಗೆ' ಎಂಬ ನಿಷ್ಪತ್ತಿಯೂ ಪ್ರಚಲಿತವಾಗಿದೆ. ದೂರ್ವಾಸ ಮುನಿಯು ತುಂಗಾತೀರದ ತನ್ನ ಆಶ್ರಮದಲ್ಲಿ ಮೊಗೆಯೊಂದರಲ್ಲಿ ಸಿಹಿಯಾದ ಮೂಲಿಕೆಗಳನ್ನು ಕುದಿಸುತ್ತಿದ್ದನೆಂದೂ ಅದರ ರುಚಿ ನೋಡಿದ ದನಗಾಹಿಗಳು ಆ ಸ್ಥಳವನ್ನು ಸಿಹಿಮೊಗೆ ಎಂದು ಕರೆದರೆಂದೂ ಐತಿಹ್ಯವಿದೆ. ಮೊಗೆ ಎಂದರೆ ಮಣ್ಣಿನ ಪಾತ್ರೆ. 2014ರ ನವೆಂಬರ್ 1ರಂದು ಊರಿನ ಅಧಿಕೃತ ಹೆಸರು ಶಿವಮೊಗ್ಗ ಎಂದು ಬದಲಾದಾಗ ಈ ಐತಿಹ್ಯವು ಮತ್ತೊಮ್ಮೆ ನೆನಪಿಗೆ ಬಂದಿತು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಇದನ್ನು ವಂಕಿ ಎಂಬ ಋಷಿಯ ಹೆಸರಿನೊಡನೆ ಜೋಡಿಸಿ 'ವಂಕಿಪುರ'ದ ರೂಪಾಂತರವೆಂದು ಹೇಳುವ ಸಂಪ್ರದಾಯವಿದೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಈ ಊರಿಗೆ ಭದ್ರಾ ನದಿಯ ಹೆಸರು ಸೇರಿ ಭದ್ರಾವತಿ ಎಂಬ ಹೆಸರು ಬಂದದ್ದು ಈಚೆಗೆ. ನಿಷ್ಪತ್ತಿ ಯಾವುದೇ ಇರಲಿ, ಒಂದು ಊರಿನ ಹೆಸರಿನಲ್ಲಿ ಜನರು ಮೊಗೆಯನ್ನೂ ಮತ್ತೊಂದರ ಹೆಸರಿನಲ್ಲಿ ಬೆಂಕಿಯನ್ನೂ ಕಂಡರು. ಮಣ್ಣು ಮತ್ತು ಬೆಂಕಿ ಕೂಡಿದಲ್ಲಿ ಕುಂಬಾರಿಕೆ ಹುಟ್ಟುತ್ತದೆ. ಅದೇ ಕೂಟಕ್ಕೆ ಅದಿರು ಸೇರಿದಲ್ಲಿ ಲೋಹ ಹುಟ್ಟುತ್ತದೆ.

ಆಯನೂರಿನ ಭೌಗೋಳಿಕ ನೆಲೆ

ಆಯನೂರು ಶಿವಮೊಗ್ಗ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಶಿವಮೊಗ್ಗದಿಂದ ಸಾಗರದ ಕಡೆಗೆ ಸಾಗುವ ಹೆದ್ದಾರಿಯಲ್ಲಿರುವ ಈ ಊರು ಅರೆಮಲೆನಾಡಿನ ಸ್ವರೂಪವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಪೂರ್ವಕ್ಕೆ ಗದ್ದೆ ಮತ್ತು ಕೆರೆಗಳ ಬಯಲು ಹರಡಿಕೊಂಡಿದ್ದರೆ, ಪಶ್ಚಿಮಕ್ಕೆ ಸಾಗಿದಂತೆ ಕಾಡು ದಟ್ಟವಾಗುತ್ತದೆ. 1974ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಶೆಟ್ಟಿಹಳ್ಳಿ ಅರಣ್ಯವು ಇಲ್ಲಿಗೆ ಸಮೀಪದಲ್ಲಿದೆ.

ಮೃತ್ಕಲೆಯ ದೃಷ್ಟಿಯಿಂದ ಈ ನೆಲೆಯ ಮಹತ್ವವು ಅದರ ಭೂಗುಣದಲ್ಲಿದೆ. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವ ಕೆರೆಗಳ ಅಂಗಳದಲ್ಲಿ ನಯವಾದ ಜೇಡಿಮಣ್ಣು ಶೇಖರಗೊಳ್ಳುತ್ತದೆ. ಎತ್ತರದ ನೆಲದಲ್ಲಿ ಜಂಬಿಟ್ಟಿಗೆಯೂ ಕೆಮ್ಮಣ್ಣೂ ಇವೆ. ಆಯನೂರಿನಿಂದ ಇನ್ನೂ ಮುಂದಿರುವ ಕುಂಸಿಯ ಸುತ್ತಲಿನ ಮ್ಯಾಂಗನೀಸ್ ಅದಿರು 20ನೆಯ ಶತಮಾನದ ಆರಂಭದಿಂದಲೇ ಗಣಿಗಾರಿಕೆಗೆ ಒಳಗಾಯಿತು. ಆಗ್ನೇಯಕ್ಕೆ, ಭದ್ರಾವತಿಯಾಚೆ, ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಕಬ್ಬಿಣದ ಅದಿರಿದೆ. ಆ ಸ್ಥಳದ ಹೆಸರೇ ಕೆಂಪು ಮಣ್ಣಿನ ಗುಂಡಿ ಎಂಬ ಅರ್ಥವನ್ನು ಕೊಡುತ್ತದೆ. ಕಬ್ಬಿಣ ಮತ್ತು ಮ್ಯಾಂಗನೀಸುಗಳು ಉಕ್ಕಿನ ಉದ್ಯಮಕ್ಕೆ ಎಷ್ಟು ಮುಖ್ಯವೋ ಮಡಕೆಯ ಬಣ್ಣಕ್ಕೂ ಅಷ್ಟೇ ಮುಖ್ಯವಾದ ಖನಿಜಗಳು. ಗಾಳಿಯಾಡುವ ಬೆಂಕಿಯಲ್ಲಿ ಕಬ್ಬಿಣದ ಅಂಶವು ಮಡಕೆಗೆ ಕೆಂಪು ಬಣ್ಣವನ್ನು ಕೊಡುತ್ತದೆ. ಗಾಳಿಯನ್ನು ತಡೆದು ಹೊಗೆಯಾಡಿಸಿದರೆ ಅದೇ ಮಣ್ಣು ಕಪ್ಪಾಗುತ್ತದೆ. ಮ್ಯಾಂಗನೀಸು ಬೆರೆತ ಲೇಪವು ಕಂದು ಅಥವಾ ಕಪ್ಪು ಛಾಯೆಯನ್ನು ತಾಳುತ್ತದೆ. ಹೀಗೆ ಕುಂಬಾರನ ವರ್ಣಫಲಕ ಮತ್ತು ಉಕ್ಕಿನ ಕಾರ್ಖಾನೆಯ ಕಚ್ಚಾ ಸಾಮಗ್ರಿ ಎರಡೂ ಒಂದೇ ನೆಲದ ಒಡಲಲ್ಲಿವೆ.

ಪ್ರಾಗಿತಿಹಾಸ ಕಾಲದ ಮಡಕೆ ಮತ್ತು ಕಬ್ಬಿಣ

ತುಂಗಭದ್ರಾ ಕಣಿವೆಯಲ್ಲಿ ಮಡಕೆ ಮತ್ತು ಕಬ್ಬಿಣಗಳ ಸಂಬಂಧವು ಬಹು ಪ್ರಾಚೀನವಾದುದು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನವು ಈ ದಿಸೆಯಲ್ಲಿ ಮಹತ್ವದ್ದಾಗಿದೆ. ಅಲ್ಲಿ ನವಶಿಲಾಯುಗದ ಸ್ತರಗಳ ಮೇಲೆ ಕಬ್ಬಿಣದ ಉಪಕರಣಗಳೂ ಕಪ್ಪು–ಕೆಂಪು ಮಡಕೆಗಳೂ ಒಟ್ಟಿಗೆ ದೊರೆತವು. ಇಂಗಾಲ ಕಾಲನಿರ್ಣಯದಿಂದ ಇಲ್ಲಿನ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. ಸುಮಾರು 1000ದಷ್ಟು ಹಿಂದಕ್ಕೆ ಒಯ್ಯಲು ಸಾಧ್ಯವಾಯಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಮಾರ್ಟಿಮರ್ ವೀಲರ್ ಅವರು 1947ರಲ್ಲಿ ನಡೆಸಿದ ಉತ್ಖನನದಲ್ಲಿಯೂ ಕಲ್ಲುಗೊಡಲಿಯ ಸಂಸ್ಕೃತಿ, ಬೃಹತ್ ಶಿಲಾಸಂಸ್ಕೃತಿ ಮತ್ತು ಆರಂಭದ ಇತಿಹಾಸ ಕಾಲದ ಸಂಸ್ಕೃತಿ ಎಂಬ ಮೂರು ಹಂತಗಳು ಕಂಡುಬಂದವು.

ಕಪ್ಪು–ಕೆಂಪು ಮಡಕೆಯ ತಂತ್ರವು ಇಲ್ಲಿ ಗಮನಾರ್ಹ. ಪಾತ್ರೆಯನ್ನು ಬಾಯಿ ಕೆಳಗಾಗಿ ಇಟ್ಟು ಸುಟ್ಟಾಗ ಒಳಭಾಗಕ್ಕೆ ಗಾಳಿ ತಗಲದೆ ಕಪ್ಪಾಗುತ್ತದೆ. ಹೊರಭಾಗವು ಗಾಳಿ ತಗಲಿ ಕೆಂಪಾಗುತ್ತದೆ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ನೀಡುವ ವಿವರಣೆ. ಬೆಂಕಿಗೆ ಗಾಳಿಯನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬ ತಿಳಿವಳಿಕೆಯೇ ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸುವ ವಿದ್ಯೆಗೂ ಮೂಲಾಧಾರ. ಆದ್ದರಿಂದ ಒಂದೇ ಸ್ತರದಲ್ಲಿ ಈ ಮಡಕೆಯೂ ಕಬ್ಬಿಣವೂ ದೊರೆಯುವುದನ್ನು ಕೇವಲ ಆಕಸ್ಮಿಕವೆಂದು ಪರಿಗಣಿಸಲಾಗದು. ಮುಂದೆ ಸಾತವಾಹನರ ಕಾಲದಲ್ಲಿ ಬಿಳಿಯ ರೇಖಾಚಿತ್ರಗಳಿಂದ ಕೂಡಿದ ಕಾವಿ ಲೇಪದ ಮಡಕೆಗಳು ಬ್ರಹ್ಮಗಿರಿ, ಚಂದ್ರವಳ್ಳಿ, ಬನವಾಸಿ ಮೊದಲಾದ ನೆಲೆಗಳಲ್ಲಿ ಕಾಣಿಸಿಕೊಂಡವು. ಉಪಯೋಗದ ಪಾತ್ರೆಯ ಮೇಲೆ ಅಲಂಕಾರದ ಇಚ್ಛೆಯು ಸ್ಪಷ್ಟವಾಗಿ ಮೂಡಿದ್ದಕ್ಕೆ ಇವು ಸಾಕ್ಷಿಯಾಗಿವೆ.

ಮೂಸೆ: ಕುಂಬಾರ ಮತ್ತು ಕಮ್ಮಾರ

ಮಣ್ಣು ಮತ್ತು ಲೋಹಗಳ ಸಂಬಂಧವು ಅತ್ಯಂತ ನಿಕಟವಾಗಿ ಕಾಣಿಸುವುದು ಮೂಸೆಯಲ್ಲಿ. ದಕ್ಷಿಣ ಭಾರತದ ಪ್ರಸಿದ್ಧ ಮೂಸೆಯುಕ್ಕು ಮೈಸೂರು ಸೀಮೆಯಲ್ಲಿಯೂ ತಯಾರಾಗುತ್ತಿತ್ತು. ಕಬ್ಬಿಣದ ತುಣುಕುಗಳನ್ನು ಸೌದೆಯ ಚೂರು ಅಥವಾ ಎಲೆಗಳೊಡನೆ ಮಣ್ಣಿನ ಮೂಸೆಯೊಳಗಿಟ್ಟು, ಬಾಯಿಯನ್ನು ಮಣ್ಣಿನಿಂದಲೇ ಮುಚ್ಚಿ, ಇದ್ದಿಲಿನ ಬೆಂಕಿಯಲ್ಲಿ ತಿದಿಯೊತ್ತಿ ಕಾಯಿಸುವುದು ಇದರ ವಿಧಾನ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ದೊರೆತಿರುವ ಮೂಸೆಗಳ ಅವಶೇಷಗಳನ್ನು ಲೋಹಶಾಸ್ತ್ರಜ್ಞರು ವಿವರವಾಗಿ ಅಭ್ಯಸಿಸಿದ್ದಾರೆ. ಮೂಸೆಯ ಮಣ್ಣಿಗೆ ಭತ್ತದ ಹೊಟ್ಟನ್ನು ಬೆರೆಸುತ್ತಿದ್ದುದು ಈ ಅಧ್ಯಯನಗಳಿಂದ ತಿಳಿದುಬರುತ್ತದೆ. ಹೊಟ್ಟು ಬೆರೆತುದರಿಂದ ಮೂಸೆಯು ತೀವ್ರವಾದ ಶಾಖವನ್ನು ಬಿರುಕಿಲ್ಲದೆ ತಾಳಿಕೊಳ್ಳುತ್ತಿತ್ತು. ಗದ್ದೆಯ ಹೊಟ್ಟು, ಕೆರೆಯ ಮಣ್ಣು, ಕಾಡಿನ ಇದ್ದಿಲು ಮತ್ತು ಗುಡ್ಡದ ಅದಿರು ಈ ನಾಲ್ಕೂ ಕೂಡಿದಾಗ ಉಕ್ಕು ದೊರೆಯುತ್ತಿತ್ತು.

1800–1801ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರಾಂತಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯ ಕಬ್ಬಿಣ ಮತ್ತು ಉಕ್ಕಿನ ತಯಾರಿಕೆಯನ್ನು ಸೂಕ್ಷ್ಮವಾಗಿ ದಾಖಲಿಸಿದನು. 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಅವನ ಪ್ರವಾಸ ಕಥನವು ಕುಲುಮೆಯ ರಚನೆ, ತಿದಿ, ಕೂಲಿ ಮತ್ತು ಉತ್ಪನ್ನದ ಹಂಚಿಕೆಗಳ ಬಗ್ಗೆ ಮಾಹಿತಿ ನೀಡುತ್ತದೆ. ಅಂದಿನ ಕುಲುಮೆಗಳು ಮಣ್ಣಿನಿಂದಲೇ ನಿರ್ಮಿತವಾಗಿದ್ದವು. ಲೋಹವನ್ನು ಹೊರತೆಗೆದ ಮೇಲೆ ಕುಲುಮೆಯನ್ನು ಮತ್ತೆ ಮಣ್ಣು ಮೆತ್ತಿ ಸರಿಪಡಿಸಬೇಕಾಗುತ್ತಿತ್ತು. ಕಬ್ಬಿಣದ ಇತಿಹಾಸದಲ್ಲಿ ಕಮ್ಮಾರನ ಹೆಸರು ಮುಂದಾಗಿ ನಿಲ್ಲುತ್ತದೆಯಾದರೂ ಮಣ್ಣಿನ ಗುಣವನ್ನು ಬಲ್ಲ ಕೈಯೊಂದು ಅದರ ಹಿಂದೆ ಸದಾ ಇತ್ತು.

ಮಲೆನಾಡಿನ ಕುಂಬಾರಿಕೆ

ಗ್ರಾಮೀಣ ಆರ್ಥಿಕ ವ್ಯವಸ್ಥೆಯಲ್ಲಿ ಕುಂಬಾರನು ಆಯಗಾರರಲ್ಲೊಬ್ಬನಾಗಿದ್ದನು. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ಅವನ ಪಾಲಿನ ಧಾನ್ಯವನ್ನು ಅಳೆದುಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಅವನು ವರ್ಷವಿಡೀ ಮಡಕೆ, ಕೊಡ, ಹರವಿ, ಬಾನಿ, ಕುಡಿಕೆಗಳನ್ನು ಒದಗಿಸುತ್ತಿದ್ದನು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಮೈಸೂರು ಸಂಸ್ಥಾನದ ಜಾತಿ–ಬುಡಕಟ್ಟುಗಳನ್ನು ಕುರಿತು ರಚಿಸಿದ ಗ್ರಂಥದಲ್ಲಿ ಕುಂಬಾರರ ವೃತ್ತಿ ಮತ್ತು ಆಚರಣೆಗಳ ವಿವರಗಳಿವೆ. ಮದುವೆಗೆ ಕುಂಬಾರನ ಮನೆಯಿಂದ ಐರಣೆಯ ಗಡಿಗೆಗಳನ್ನು ವಾದ್ಯಸಮೇತ ತರುವ ಪದ್ಧತಿ, ಗೌರಿ–ಗಣೇಶರ ಹಬ್ಬಕ್ಕೆ ಮಣ್ಣಿನ ಮೂರ್ತಿಗಳನ್ನು ಮಾಡಿಸುವ ಪದ್ಧತಿ, ಶವಸಂಸ್ಕಾರದಲ್ಲಿ ಮಡಕೆಯೊಡೆಯುವ ಪದ್ಧತಿ ಇವೆಲ್ಲವೂ ಹುಟ್ಟಿನಿಂದ ಸಾವಿನವರೆಗೆ ಅವನ ಕೆಲಸಕ್ಕಿದ್ದ ಸ್ಥಾನವನ್ನು ಸೂಚಿಸುತ್ತವೆ.

ಕುಂಬಾರಿಕೆಯ ತಂತ್ರವೂ ಪ್ರಕೃತಿಯ ಲಯವನ್ನು ಅನುಸರಿಸಿತ್ತು. ಕೆರೆ ಬತ್ತಿದಾಗ ಮಣ್ಣು ಅಗೆದು ತರಬೇಕು. ಮಳೆ ಹಿಡಿಯುವ ಮೊದಲು ಒಣಗಿಸಿ ಸುಡಬೇಕು. ತಿಗರಿಯ ಮೇಲೆ ರೂಪ ಪಡೆದ ಪಾತ್ರೆಯನ್ನು ಅರೆಯೊಣಗಿದಾಗ ಒಳಗೆ ಗುಂಡುಕಲ್ಲನ್ನು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಅಗಲಿಸುತ್ತಿದ್ದರು. ಆವಿಗೆಯ ಶಾಖವು ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತಿತ್ತು. ಈ ಶಾಖದಲ್ಲಿ ಸುಟ್ಟ ಮಡಕೆಯ ಮೈಯಲ್ಲಿ ಸೂಕ್ಷ್ಮರಂಧ್ರಗಳು ಉಳಿಯುವುದರಿಂದಲೇ ಅದರಲ್ಲಿಟ್ಟ ನೀರು ತಣ್ಣಗಾಗುತ್ತದೆ.

ಮಲೆನಾಡು ಮತ್ತು ಅದಕ್ಕೆ ಹೊಂದಿಕೊಂಡ ಪ್ರದೇಶಗಳಲ್ಲಿ ಮಣ್ಣಿನ ಆಕೃತಿಗಳನ್ನು ದೈವಕ್ಕೆ ಒಪ್ಪಿಸುವ ಸಂಪ್ರದಾಯವೂ ಇದೆ. ಕೊಡಗಿನ ಅಯ್ಯಪ್ಪ ದೇವರ ಕಾಡುಗಳಲ್ಲಿ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಅರ್ಪಿಸುತ್ತಾರೆ. ಬೆಳ್ತಂಗಡಿ ತಾಲ್ಲೂಕಿನ ಸುರ್ಯದ ಸದಾಶಿವರುದ್ರ ದೇವಾಲಯದಲ್ಲಿ ಭಕ್ತರು ತಮ್ಮ ಬಯಕೆಗೆ ತಕ್ಕ ಮಣ್ಣಿನ ಗೊಂಬೆಗಳನ್ನು ಒಪ್ಪಿಸುತ್ತಾರೆ. ಮರದ ಬುಡದಲ್ಲಿ ಇಟ್ಟ ಈ ಆಕೃತಿಗಳು ಮಳೆ, ಹಾವಸೆ ಮತ್ತು ಬೇರುಗಳ ನಡುವೆ ಕ್ರಮೇಣ ಮಣ್ಣಿಗೆ ಮರಳುತ್ತವೆ. ಪ್ರಕೃತಿಯೊಡನೆ ಮೃತ್ಕಲೆಗಿರುವ ಸಂಬಂಧಕ್ಕೆ ಇದಕ್ಕಿಂತ ಪ್ರಾಚೀನವಾದ ಮಾದರಿಯನ್ನು ಹುಡುಕುವುದು ಕಷ್ಟ.

ಕುಂಬಾರಿಕೆಗೆ ಸಾಹಿತ್ಯದಲ್ಲಿಯೂ ಗೌರವದ ಸ್ಥಾನವಿದೆ. ಹರಿಹರ ಕವಿಯು ಕುಂಬಾರ ಗುಂಡಯ್ಯನನ್ನು ಕುರಿತು ರಗಳೆಯನ್ನೇ ರಚಿಸಿದನು. ಗುಂಡಯ್ಯನು ಮಡಕೆಯನ್ನು ಬಡಿಯುವ ನಾದಕ್ಕೆ ಶಿವನೇ ಕುಣಿದನೆಂಬುದು ಅದರ ಕಥಾವಸ್ತು. ಆದರೆ ಈ ಗೌರವವು ಆಶ್ರಯವಾಗಿ ಪರಿಣಮಿಸಲಿಲ್ಲ. ಇದೇ ಜಿಲ್ಲೆಯ ಸಾಗರ ಮತ್ತು ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಅರಮನೆಯ ಹಾಗೂ ಸರ್ಕಾರದ ಪ್ರೋತ್ಸಾಹ ದೊರೆತು ಅದು ಕಲೆಯೆಂಬ ಮನ್ನಣೆ ಪಡೆಯಿತು. ಕುಂಬಾರಿಕೆಯು ಕಸುಬೆಂಬ ಹೆಸರಿನಲ್ಲಿಯೇ ಉಳಿಯಿತು.

ಹೆಂಚು ಮತ್ತು ಪಿಂಗಾಣಿ

19ನೆಯ ಶತಮಾನದ ಉತ್ತರಾರ್ಧದಲ್ಲಿ ಕರ್ನಾಟಕದ ಮಣ್ಣಿನ ಕೆಲಸವು ಮೊದಲ ಬಾರಿಗೆ ಕಾರ್ಖಾನೆಯನ್ನು ಪ್ರವೇಶಿಸಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸಂಸ್ಥೆಯು ಮತಪ್ರಚಾರದೊಡನೆ ಮುದ್ರಣ, ನೇಯ್ಗೆ ಮೊದಲಾದ ಉದ್ಯಮಗಳನ್ನು ಕೈಗೊಂಡಿತು. ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ನೇತ್ರಾವತಿ ತೀರದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಒಂದರೊಡನೊಂದು ಕಚ್ಚಿಕೊಳ್ಳುವ ಹೆಂಚನ್ನು 1841ರಲ್ಲಿ ಫ್ರಾನ್ಸಿನ ಗಿಲಾರ್ಡೋನಿ ಸಹೋದರರು ರೂಪಿಸಿದ್ದರು. ಆ ಮಾದರಿಯ ಹೆಂಚು ನೇತ್ರಾವತಿ ಮತ್ತು ಗುರುಪುರ ನದಿಗಳ ಮಣ್ಣಿನಲ್ಲಿ ತಯಾರಾಗಿ 'ಮಂಗಳೂರು ಹೆಂಚು' ಎಂಬ ಹೆಸರಿನಿಂದ ದೇಶವಿದೇಶಗಳಿಗೆ ಹೋಯಿತು.

ಅದಕ್ಕೆ ಮುನ್ನ ಬಳಕೆಯಲ್ಲಿದ್ದುದು ನಾಡಹೆಂಚು. ಕುಂಬಾರನು ತಿಗರಿಯ ಮೇಲೆ ಕೊಳವೆಯಾಕಾರದ ಪಾತ್ರೆಯನ್ನು ಎಬ್ಬಿಸಿ, ಅದನ್ನು ಉದ್ದಕ್ಕೆ ಸೀಳಿ, ಎರಡು ಹೆಂಚುಗಳನ್ನು ಮಾಡುತ್ತಿದ್ದನು. ಪ್ರತಿಯೊಂದರಲ್ಲೂ ಅವನ ಬೆರಳಿನ ಗುರುತು ಇರುತ್ತಿತ್ತು. ಕಾರ್ಖಾನೆಯ ಹೆಂಚಿನಲ್ಲಿ ಬೆರಳಿನ ಗುರುತಿನ ಬದಲು ಕಂಪನಿಯ ಹೆಸರು ಮತ್ತು ಇಸವಿಯ ಅಚ್ಚು ಮೂಡಿತು. ಹಗುರವಾದ, ಮಳೆ ಸೋರದ, ಮರದ ಚೌಕಟ್ಟಿಗೆ ಕಡಿಮೆ ಭಾರ ಹೇರುವ ಈ ಹೆಂಚು ಘಟ್ಟವನ್ನೇರಿ ಮಲೆನಾಡಿನ ಮನೆಗಳಿಗೂ ವ್ಯಾಪಿಸಿತು. 1899ರಲ್ಲಿ ಬೀರೂರು–ಶಿವಮೊಗ್ಗ ರೈಲುಮಾರ್ಗವು ಆರಂಭವಾದುದು ಕಾರ್ಖಾನೆಯ ಸಾಮಗ್ರಿಗಳ ಸಾಗಾಣಿಕೆಗೆ ಮತ್ತೊಂದು ದಾರಿಯನ್ನು ತೆರೆಯಿತು. ಇದರಿಂದ ಜನರಿಗೆ ಅನುಕೂಲವಾಯಿತು; ಆದರೆ ಊರಿನ ಕುಂಬಾರನ ಆದಾಯದ ಒಂದು ಮುಖ್ಯ ಮೂಲ ಬತ್ತಿತು.

ಮೃತ್ತಿಕೋದ್ಯಮದ ಮತ್ತೊಂದು ಹಂತವು ಮೈಸೂರು ಸಂಸ್ಥಾನದ ವಿದ್ಯುದೀಕರಣದೊಡನೆ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ ಬಳಿಕ ತಂತಿಮಾರ್ಗಗಳು ವಿಸ್ತರಿಸುತ್ತ ಹೋದವು. ಅವುಗಳಿಗೆ ಪಿಂಗಾಣಿಯ ನಿರೋಧಕಗಳು ಅಗತ್ಯವಾಗಿದ್ದವು. ಈ ಅಗತ್ಯವನ್ನು ಪೂರೈಸಲು ಸಂಸ್ಥಾನದ ಸರ್ಕಾರವು 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆಯನ್ನು ನಡೆಸತೊಡಗಿತು. ಮುಂದೆ 1970ರ ದಶಕದಲ್ಲಿ ಅದು ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯೊಡನೆ ಸೇರಿತು. 1300 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಬೇಯುವ ಪಿಂಗಾಣಿಯು ರಂಧ್ರರಹಿತವಾಗಿದ್ದು ನೀರನ್ನಾಗಲಿ ವಿದ್ಯುತ್ತನ್ನಾಗಲಿ ಒಳಬಿಡದು. ಗ್ರಾಮೀಣ ಕುಂಬಾರರಿಗೆ ಸುಧಾರಿತ ತಂತ್ರಗಳನ್ನು ಕಲಿಸುವ ಪ್ರಯತ್ನವು ಬೆಳಗಾವಿ ಜಿಲ್ಲೆಯ ಖಾನಾಪುರದ ಕುಂಭಕಲಾ ಸಂಸ್ಥೆಯ ಮೂಲಕ ಸ್ವಾತಂತ್ರ್ಯಾನಂತರ ನಡೆಯಿತು. ಹೀಗೆ ಒಂದು ಶತಮಾನದ ಅವಧಿಯಲ್ಲಿ ಕರ್ನಾಟಕದ ಮಣ್ಣು ಆವಿಗೆಯಿಂದ ಕಾರ್ಖಾನೆಗೆ, ಮಡಕೆಯಿಂದ ನಿರೋಧಕಕ್ಕೆ ಸಾಗಿತು.

ಭದ್ರಾವತಿಯ ಕುಲುಮೆ

ಈ ಪರಿವರ್ತನೆಯ ಅತ್ಯಂತ ಬೃಹತ್ತಾದ ರೂಪವು ಭದ್ರಾವತಿಯಲ್ಲಿ ಕಾಣಿಸಿಕೊಂಡಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷವಾದ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕಾರ್ಯವು ಆರಂಭಗೊಂಡು, 1923ರ ಜನವರಿಯಲ್ಲಿ ಊದುಕುಲುಮೆಯು ಉತ್ಪಾದನೆಯನ್ನು ಪ್ರಾರಂಭಿಸಿತು. ಟಾಟಾ ಉಕ್ಕಿನ ಕಾರ್ಖಾನೆಯ ಯೋಜನೆಯಲ್ಲಿ ಪಾಲ್ಗೊಂಡಿದ್ದ ಅಮೆರಿಕದ ಸಿ.ಪಿ. ಪೆರಿನ್ ಅವರ ಸಲಹೆಯನ್ನು ಈ ಯೋಜನೆಗೂ ಪಡೆಯಲಾಗಿತ್ತು. ಕಾರ್ಖಾನೆಯು ನಷ್ಟದ ಭಯವನ್ನು ಎದುರಿಸಿದಾಗ ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಹೊಣೆ ಹೊತ್ತರು.

ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಕಾಡಿನ ಉಲ್ಲೇಖವಿತ್ತು. ಅದು ಮೈಸೂರು ಮರ ಬಟ್ಟಿಯಿಳಿಸುವ ಮತ್ತು ಕಬ್ಬಿಣದ ಕಾರ್ಖಾನೆಯಾಗಿತ್ತು. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದುದರಿಂದ ಶಿವಮೊಗ್ಗ ಮತ್ತು ಕಡೂರು ಜಿಲ್ಲೆಗಳ ಅರಣ್ಯದ ಸೌದೆಯನ್ನು ಟ್ರಾಮ್ ದಾರಿಗಳ ಮೂಲಕ ತಂದು ಇದ್ದಿಲು ಮಾಡಲಾಗುತ್ತಿತ್ತು. ಬಟ್ಟಿಯಿಳಿಸಿದಾಗ ದೊರೆಯುವ ಟಾರು ಮತ್ತು ರಾಸಾಯನಿಕಗಳೂ ಮಾರಾಟದ ವಸ್ತುಗಳಾದವು. ಕೆಮ್ಮಣ್ಣುಗುಂಡಿಯ ಅದಿರು ತೂಗುಹಗ್ಗದ ದಾರಿಯಲ್ಲಿ ಬೆಟ್ಟವಿಳಿದು ಬರುತ್ತಿತ್ತು. ಭಂಡಿಗುಡ್ಡದ ಸುಣ್ಣದಕಲ್ಲನ್ನು ಅದಕ್ಕೆ ಕೂಡಿಸಲಾಗುತ್ತಿತ್ತು. ಹಳೆಯ ಮೂಸೆಯಲ್ಲಿ ಕೂಡಿದ್ದ ಕಾಡು, ಗುಡ್ಡ ಮತ್ತು ಮಣ್ಣುಗಳೇ ಇಲ್ಲಿ ಬೃಹತ್ ಪ್ರಮಾಣದಲ್ಲಿ ಮತ್ತೆ ಕೂಡಿದವು. 1930ರ ದಶಕದಲ್ಲಿ ಉಕ್ಕಿನ ಘಟಕವೂ ಸಿಮೆಂಟು ಕಾರ್ಖಾನೆಯೂ, 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯೂ ಸೇರಿ ಭದ್ರಾವತಿಯು ಕೈಗಾರಿಕಾ ನಗರವಾಯಿತು. 1948ರಲ್ಲಿ ಜೋಗದ ವಿದ್ಯುತ್ತು ಲಭ್ಯವಾದ ಮೇಲೆ ವಿದ್ಯುತ್ ಕುಲುಮೆಗಳು ಬಂದವು.

ಈ ಉದ್ಯಮದಲ್ಲಿ ಮಣ್ಣಿನ ಪಾತ್ರವು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಕಬ್ಬಿಣವು ಕರಗುವ ಶಾಖವು 1538 ಡಿಗ್ರಿ ಸೆಲ್ಸಿಯಸ್. ಊದುಕುಲುಮೆಯ ಉಕ್ಕಿನ ಕವಚವು ಆ ಶಾಖವನ್ನು ನೇರವಾಗಿ ತಾಳಲಾರದು. ಅದರ ಒಳಮೈಗೆ ಜೋಡಿಸಿದ ಅಗ್ನಿನಿರೋಧಕ ಇಟ್ಟಿಗೆಗಳೇ ಅದನ್ನು ತಾಳುತ್ತವೆ. ಕರಗಿದ ಲೋಹವನ್ನು ಹೊರಬಿಡುವ ರಂಧ್ರವನ್ನು ಮುಚ್ಚುವುದು ಮಣ್ಣಿನ ಬಿರಡೆಯಿಂದ. ಲೋಹವು ಹರಿಯುವ ಕಾಲುವೆಗೆ ಮರಳು ಮತ್ತು ಮಣ್ಣಿನ ಹೊದಿಕೆ. ಎರಕದ ಅಚ್ಚಿನ ಮರಳನ್ನು ಹಿಡಿದಿಡುವುದೂ ಜೇಡಿಯೇ. ಕಬ್ಬಿಣದ ಕಾರ್ಖಾನೆಯೊಂದು ತನ್ನ ಒಡಲಿನಲ್ಲಿ ಒಂದು ದೊಡ್ಡ ಮಡಕೆಯನ್ನು ಇಟ್ಟುಕೊಂಡಿರುತ್ತದೆ ಎಂದರೆ ಅತಿಶಯೋಕ್ತಿಯಾಗದು. ಆ ಇಟ್ಟಿಗೆಗಳನ್ನು ಜೋಡಿಸಿದ, ಕಾಲಕಾಲಕ್ಕೆ ಒಳಗಿಳಿದು ಸವೆದುದನ್ನು ಕಿತ್ತು ಹೊಸದನ್ನು ಕಟ್ಟಿದ ಕಾರ್ಮಿಕರ ಕೌಶಲ್ಯವು ಉತ್ಪಾದನೆಯ ಅಂಕಿಅಂಶಗಳಲ್ಲಿ ಕಾಣಿಸುವುದಿಲ್ಲ. ಶಾಸನಗಳಲ್ಲಿ ಕುಂಬಾರನ ಹೆಸರು ಉಳಿಯದಂತೆಯೇ ಕಾರ್ಖಾನೆಯ ಚರಿತ್ರೆಯಲ್ಲಿ ಇವರ ಹೆಸರೂ ಉಳಿದಿಲ್ಲ.

ಸಮಕಾಲೀನ ಮೃತ್ಕಲೆ

ಭಾರತದಲ್ಲಿ ಆಧುನಿಕ ಮೃತ್ಕಲೆಯ ಉಗಮವೇ ಉದ್ಯಮದ ಆವರಣದಲ್ಲಿ ಆಯಿತೆಂಬುದು ಗಮನಾರ್ಹ. ಈ ಕಲೆಯ ಆದ್ಯರೆನಿಸಿದ ಗುರುಚರಣ್ ಸಿಂಗ್ ಅವರು ಭೂವಿಜ್ಞಾನದ ವಿದ್ಯಾರ್ಥಿಯಾಗಿದ್ದವರು. ನವದೆಹಲಿಯ ನಿರ್ಮಾಣಕ್ಕೆ ಇಟ್ಟಿಗೆ ಒದಗಿಸುತ್ತಿದ್ದ ಉದ್ಯಮಿಯೊಬ್ಬರ ಕಾರ್ಖಾನೆಯ ಮೂಲಕ ಅವರು ಈ ಕ್ಷೇತ್ರಕ್ಕೆ ಬಂದು, 1919ರಲ್ಲಿ ಜಪಾನಿಗೆ ತೆರಳಿ ಮೃತ್ತಿಕಾ ತಂತ್ರವನ್ನು ಕಲಿತರು. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಅವರು ಪುದುಚೇರಿಯಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಜ್ ಪಾಟರಿಯು ದಕ್ಷಿಣ ಭಾರತದ ಹಲವು ಕಲಾವಿದರಿಗೆ ಶಿಕ್ಷಣ ಕೇಂದ್ರವಾಯಿತು. 2018ರಲ್ಲಿ ಜೈಪುರದಲ್ಲಿ ನಡೆದ ಭಾರತೀಯ ಮೃತ್ಕಲಾ ತ್ರೈವಾರ್ಷಿಕ ಪ್ರದರ್ಶನವು ಈ ಮಾಧ್ಯಮಕ್ಕೆ ಸ್ವತಂತ್ರ ಕಲೆಯ ಮನ್ನಣೆಯನ್ನು ತಂದಿತು.

ಕರ್ನಾಟಕದ ಕಲಾವಿದರಲ್ಲಿ ಕೈಗಾರಿಕಾ ಮಣ್ಣಿನ ಪರಂಪರೆಯನ್ನು ನೇರವಾಗಿ ವಸ್ತುವಾಗಿಸಿಕೊಂಡವರ ಪೈಕಿ ಎಲ್.ಎನ್. ತಲ್ಲೂರ್ ಅವರ ಹೆಸರು ಉಲ್ಲೇಖನೀಯ. ಉಡುಪಿ ಜಿಲ್ಲೆಯ ಕೋಟೇಶ್ವರದಲ್ಲಿ 1971ರಲ್ಲಿ ಜನಿಸಿದ ಅವರು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಚಿತ್ರಕಲೆಯನ್ನೂ ಬರೋಡೆಯಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರವನ್ನೂ ಅಭ್ಯಾಸ ಮಾಡಿದರು. ಅವರು ಕೇವಲ ಮೃತ್ಕಲಾವಿದರಲ್ಲ. ಕಂಚು, ಮರ, ಹಳೆಯ ಯಂತ್ರಭಾಗಗಳೂ ಅವರ ಮಾಧ್ಯಮಗಳಾಗಿವೆ. ಆದರೆ 2012ರ ಕೊಚ್ಚಿ–ಮುಜಿರಿಸ್ ದ್ವೈವಾರ್ಷಿಕ ಪ್ರದರ್ಶನದಲ್ಲಿ ಅವರು ಮಂಗಳೂರು ಹೆಂಚಿನ ಛಾವಣಿಯನ್ನೇ ಕಲಾಕೃತಿಯಾಗಿಸಿ, ಹೆಂಚುಗಳ ಮೇಲೆ ಯೋಗಭಂಗಿಯ ಮಣ್ಣಿನ ಕಿರುಮೂರ್ತಿಗಳನ್ನು ಮೂಡಿಸಿದರು. ವಸಾಹತು ಕಾಲದ ಉದ್ಯಮವು ತಂದ ಹೆಂಚು ಎರಡು ಮೂರು ತಲೆಮಾರುಗಳಲ್ಲಿ ಕರಾವಳಿಯ 'ಸಾಂಪ್ರದಾಯಿಕ' ಮನೆಯ ಗುರುತಾಗಿಬಿಟ್ಟಿತು. ಪರಂಪರೆ ಎಂದು ಕರೆಯುವುದು ಹೇಗೆ ನಿರ್ಮಾಣವಾಗುತ್ತದೆ ಎಂಬ ಪ್ರಶ್ನೆಯನ್ನು ಈ ಕೃತಿಯು ನೋಡುಗರ ಮುಂದಿಡುತ್ತದೆ.

ಹೆಂಚಿಗೆ ಇಂತಹ ಕಲಾತ್ಮಕ ಪ್ರತಿಸ್ಪಂದನೆ ದೊರೆತಿರುವಾಗ ಭದ್ರಾವತಿಯ ಕುಲುಮೆಗೂ ಅದು ದೊರೆಯಬಹುದು. ಸವೆದ ಅಗ್ನಿನಿರೋಧಕ ಇಟ್ಟಿಗೆಯ ಮೇಲೆ ಕಬ್ಬಿಣವೂ ಕಿಟ್ಟವೂ ಹರಿದು ಹೆಪ್ಪುಗಟ್ಟಿ ಗಾಜಿನಂತಹ ಪದರವು ಮೂಡಿರುತ್ತದೆ. ಕಲಾವಿದರು ಆವಿಗೆಯಲ್ಲಿ ಶ್ರಮಿಸಿ ಪಡೆಯುವ ಹೊಳಪಿನ ಲೇಪಕ್ಕೂ ಇದಕ್ಕೂ ರಾಸಾಯನಿಕವಾಗಿ ಹತ್ತಿರದ ಸಂಬಂಧವಿದೆ. ಕುಂಸಿಯ ಮ್ಯಾಂಗನೀಸು, ಕೆಮ್ಮಣ್ಣುಗುಂಡಿಯ ಕೆಂಪು, ಕೆರೆಯಂಗಳದ ಜೇಡಿ, ಕಾಡಿನ ಬೂದಿ ಇವುಗಳಿಂದ ರೂಪುಗೊಳ್ಳುವ ಕೃತಿಯು ಏಕಕಾಲದಲ್ಲಿ ನಿಸರ್ಗದ ಮತ್ತು ಉದ್ಯಮದ ದಾಖಲೆಯಾಗಬಲ್ಲದು. ಅದೇ ವೇಳೆಗೆ ಆ ಕೆಂಪಿಗೂ ಇದ್ದಿಲಿಗೂ ಗುಡ್ಡ ಮತ್ತು ಕಾಡುಗಳು ತೆತ್ತ ಬೆಲೆಯನ್ನು ಅಂತಹ ಕಲೆಯು ಮರೆಯುವಂತಿಲ್ಲ.

ಪರಂಪರೆಯ ರಕ್ಷಣೆ

ಈ ವಿಚಾರವು ಇಂದು ತುರ್ತಿನದಾಗಿದೆ. 1962ರಲ್ಲಿ ಕಂಪನಿಯ ಸ್ವರೂಪ ಪಡೆದು 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ತಳೆದ ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲಿ ವಿಲೀನವಾಯಿತು. 2015ರಲ್ಲಿ ಕಾಗದದ ಕಾರ್ಖಾನೆಯ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ, ಕುಲುಮೆ ಹೊತ್ತಿದ ನೂರನೆಯ ವರ್ಷದಲ್ಲಿಯೇ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಣಯವು ಹೊರಬಿದ್ದಿತು. ಕಾರ್ಮಿಕರ ಹೋರಾಟದ ಬಳಿಕ ಅದೇ ವರ್ಷ ಕೆಲಮಟ್ಟಿನ ಉತ್ಪಾದನೆ ಮತ್ತೆ ನಡೆಯಿತಾದರೂ ಭವಿಷ್ಯದ ಅನಿಶ್ಚಿತತೆಯು ಅದರಿಂದ ನೀಗಲಿಲ್ಲ. ಕಾರ್ಖಾನೆಯು ಮತ್ತೆ ಚೇತರಿಸಿಕೊಂಡರೆ ಹಳೆಯ ಘಟಕಗಳು ಹೊಸದಕ್ಕೆ ಎಡೆ ಮಾಡಿಕೊಡಬೇಕಾಗುತ್ತದೆ. ಮುಚ್ಚಿದರೆ ಅವು ಗುಜರಿಯಾಗುತ್ತವೆ. ಎರಡು ಸಂದರ್ಭಗಳಲ್ಲಿಯೂ ದಾಖಲೆಯ ಕಾರ್ಯವು ಮೊದಲೇ ಆಗಬೇಕಾದುದು.

ಅನ್ಯ ದೇಶಗಳ ಅನುಭವವು ಇಲ್ಲಿ ಮಾರ್ಗದರ್ಶಕವಾಗಬಲ್ಲದು. 1709ರಲ್ಲಿ ಅಬ್ರಹಾಂ ಡಾರ್ಬಿಯು ಕೋಕ್ ಬಳಸಿ ಕಬ್ಬಿಣ ಕರಗಿಸಿದ ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲ್ ಮತ್ತು 1779ರ ಕಬ್ಬಿಣದ ಸೇತುವೆಯಿರುವ ಐರನ್‌ಬ್ರಿಜ್ ಕಣಿವೆಯು ಉದ್ಯಮಗಳು ಕ್ಷೀಣಿಸಿದ ಮೇಲೆ ಪಾಳುಬಿದ್ದಿತ್ತು. 1967ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯದ ಸಂಸ್ಥೆಯು ಸ್ಥಾಪಿತವಾಯಿತು. 1986ರಲ್ಲಿ ಆ ಪ್ರದೇಶವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಒಂದೇ ಕಣಿವೆಯಲ್ಲಿ ಕಬ್ಬಿಣದ ಕುಲುಮೆಯ ಜೊತೆಗೆ ಜಾಕ್‌ಫೀಲ್ಡಿನ ಹೆಂಚುಗಳ ಮತ್ತು ಕೋಲ್‌ಪೋರ್ಟಿನ ಪಿಂಗಾಣಿಯ ಕಾರ್ಖಾನೆಗಳನ್ನೂ ಸಂಗ್ರಹಾಲಯಗಳಾಗಿ ಉಳಿಸಲಾಗಿದೆ. ಜರ್ಮನಿಯ ಫೋಲ್ಕ್ಲಿಂಗನ್ ಕಬ್ಬಿಣದ ಕಾರ್ಖಾನೆಯು 1986ರಲ್ಲಿ ನಿಂತು 1994ರಲ್ಲಿ ವಿಶ್ವ ಪರಂಪರೆಯ ತಾಣವಾಗಿ ಇಂದು ಕಲಾಪ್ರದರ್ಶನಗಳ ನೆಲೆಯಾಗಿದೆ. ಕೈಗಾರಿಕಾ ಪರಂಪರೆಯ ರಕ್ಷಣೆಗಾಗಿ 2003ರಲ್ಲಿ ಅಂಗೀಕೃತವಾದ ಸನ್ನದು ರಷ್ಯಾದ ಕಬ್ಬಿಣದ ಊರಾದ ನಿಝ್ನಿ ತಾಗಿಲ್‌ನ ಹೆಸರನ್ನೇ ಹೊತ್ತಿದೆ. ಕಟ್ಟಡ ಮತ್ತು ಯಂತ್ರಗಳೊಡನೆ ಕಾರ್ಮಿಕರ ಸ್ಮೃತಿ ಹಾಗೂ ಕೌಶಲ್ಯಗಳೂ ಪರಂಪರೆಯ ಭಾಗವೆಂಬುದನ್ನು ಆ ಸನ್ನದು ಎತ್ತಿಹಿಡಿಯುತ್ತದೆ.

ಭದ್ರಾವತಿಯಲ್ಲಿ ಕೈಗೊಳ್ಳಬಹುದಾದ ಕಾರ್ಯಗಳು ಹಲವು. ಕಾರ್ಖಾನೆಯ ನಕ್ಷೆ, ಛಾಯಾಚಿತ್ರ ಮತ್ತು ಕಡತಗಳನ್ನು ಪತ್ರಾಗಾರಕ್ಕೆ ತರುವುದು, ಅಗ್ನಿನಿರೋಧಕ ಇಟ್ಟಿಗೆ ಮತ್ತು ಎರಕದ ಅಚ್ಚುಗಳ ಮಾದರಿಗಳನ್ನು ಸಂಗ್ರಹಿಸುವುದು, ನಿವೃತ್ತ ಕಾರ್ಮಿಕರ ಹೇಳಿಕೆಗಳನ್ನು ಧ್ವನಿಮುದ್ರಿಸುವುದು ಇವುಗಳಲ್ಲಿ ಪ್ರಥಮ. ಇದರ ಜೊತೆಗೆ ಆಯನೂರು, ಕುಂಸಿ ಮೊದಲಾದ ಹೋಬಳಿಗಳ ಕುಂಬಾರಿಕೆಯ ಪದಕೋಶ, ಉಪಕರಣ ಮತ್ತು ಮಣ್ಣಿನ ನೆಲೆಗಳ ಸಮೀಕ್ಷೆಯೂ ನಡೆಯಬೇಕು. ಕೆರೆಯ ಮಣ್ಣನ್ನು ಯಾವ ಹದಕ್ಕೆ ಮೆಟ್ಟಬೇಕು, ಎಷ್ಟು ಮರಳು ಬೆರೆಸಬೇಕು ಎಂಬ ತಿಳಿವಳಿಕೆಯು ಬರೆಹಕ್ಕೆ ಇಳಿದಿಲ್ಲ. ಅದನ್ನು ಬಲ್ಲ ಕೊನೆಯ ಕೈಯೊಡನೆಯೇ ಅದು ಮರೆಯಾಗುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಶಿವಮೊಗ್ಗ–ಭದ್ರಾವತಿ ಪರಿಸರದಲ್ಲಿ ಮಣ್ಣು ಮತ್ತು ಕಬ್ಬಿಣಗಳ ಇತಿಹಾಸವು ಪರಸ್ಪರ ಹೆಣೆದುಕೊಂಡು ಬಂದಿದೆಯೆಂಬುದು ಸ್ಪಷ್ಟವಾಗುತ್ತದೆ. ಹಳ್ಳೂರಿನ ಕಪ್ಪು–ಕೆಂಪು ಮಡಕೆ, ಘಟ್ಟಿಹೊಸಹಳ್ಳಿಯ ಮೂಸೆ, ಮಲೆನಾಡಿನ ಆವಿಗೆ, ಮಂಗಳೂರಿನ ಹೆಂಚು ಮತ್ತು ಭದ್ರಾವತಿಯ ಕುಲುಮೆಯ ಇಟ್ಟಿಗೆ ಇವು ಒಂದೇ ಸರಪಳಿಯ ಕೊಂಡಿಗಳಾಗಿವೆ. ಕುಂಬಾರನ ಕೈಗೆಲಸವನ್ನು ಕಾರ್ಖಾನೆಯು ಹಿಂದೆ ಸರಿಸಿತು. ಈಗ ಆ ಕಾರ್ಖಾನೆಯೇ ಹಿಂದೆ ಸರಿಯುವ ಕಾಲ ಬಂದಿದೆ. ಇವೆರಡನ್ನೂ ಒಟ್ಟಿಗೆ ನೋಡಬಲ್ಲ ಕಲಾವಿದನಿಗೆ ಬೇಕಾದ ಸಾಮಗ್ರಿಯು ಈ ನೆಲದಲ್ಲಿ ಹೇರಳವಾಗಿದೆ. ಅದನ್ನು ಸಂಗ್ರಹಿಸಿ, ಹೆಸರಿಸಿ, ಕಾಲಕ್ರಮದಲ್ಲಿ ಜೋಡಿಸಿಕೊಡುವ ಹೊಣೆ ಇತಿಹಾಸಕಾರನದು. ಉತ್ಖನನಕಾರನಿಗೆ ಒಡೆದ ಮಡಕೆಯ ಚೂರು ಎಷ್ಟು ಅಮೂಲ್ಯವೋ ನಾಳಿನ ಸಂಶೋಧಕನಿಗೆ ಕುಲುಮೆಯ ಸವೆದ ಇಟ್ಟಿಗೆಯೂ ಅಷ್ಟೇ ಅಮೂಲ್ಯ. ಅದು ಗುಜರಿಯ ರಾಶಿಗೆ ಸೇರುವ ಮುನ್ನ ಈ ಕಾರ್ಯವು ಆರಂಭವಾಗಬೇಕಾಗಿದೆ.